ಸುಳ್ಳು ವಾಕ್ಯಕ್ಕೆ ಅಂಕವಿಲ್ಲ

ಅಕ್ಕ ಶಾಲೆಯಲ್ಲಿ ಇಂಗ್ಲಿಷ್ ಟೀಚರ್. ಅವಳಿಗೊಂದು ಹುಚ್ಚಿತ್ತು: ವ್ಯಾಕರಣ ಸರಿಯಿದ್ದರೂ ವಾಕ್ಯ ಸುಳ್ಳಾಗಿದ್ದರೆ ಅಂಕ ಕೊಡುತ್ತಿರಲಿಲ್ಲ. ‘ನನ್ನ ತಂದೆ ಡಾಕ್ಟರು’ ಎಂದು ಬರೆದ ಮಗುವನ್ನು ನಿಲ್ಲಿಸಿ, ಹೌದಾ ಎಂದು ಕೇಳುತ್ತಿದ್ದಳು. ಹಾಸಿಗೆ ಹಿಡಿದ ಮೇಲೂ ಆ ಹಟ ಬಿಡಲಿಲ್ಲ.

ನಾನು ಆಸ್ಪತ್ರೆಯ ಲಾಂಡ್ರಿಯಲ್ಲಿ ಬೆಡ್‌ಶೀಟು ಮಡಚುವವಳು. ವಾರ್ಡಿನ ಕೆಲಸ ಸಿಗಬೇಕಾದರೆ ಇಂಗ್ಲಿಷ್ ಪರೀಕ್ಷೆ ಪಾಸಾಗಬೇಕಿತ್ತು. ಮಧ್ಯಾಹ್ನ ಮನೆಗೆ ಬಂದು ಅಕ್ಕನ ಬೆನ್ನು ಒರೆಸಿ, ಮಗ್ಗುಲು ಬದಲಿಸಿ, ಪಾಠ ಹೇಳಿಸಿಕೊಳ್ಳುತ್ತಿದ್ದೆ. ಅವಳಿಗೆ ಇನ್ನು ಹೆಚ್ಚು ದಿನವಿಲ್ಲವೆಂದು ಭಾವನಿಗೂ ನನಗೂ ಮಾತ್ರ ಗೊತ್ತಿತ್ತು. ಅವಳ ಮುಂದೆ ಬಾಯಿ ಬಿಡಕೂಡದೆಂದು ಭಾವ ನನ್ನಿಂದ ಆಣೆ ಹಾಕಿಸಿಕೊಂಡಿದ್ದರು. ದೂರದ ಹಾಸ್ಟೆಲಿನಲ್ಲಿದ್ದ ಅವರ ಮಗಳಿಗೂ ಸುದ್ದಿಯಿಲ್ಲ, ಓದು ಕೆಡುತ್ತದಂತೆ. ಮಹಾ ಬುದ್ಧಿವಂತರು.

ಅಂದು ‘ಬಿಫೋರ್’, ‘ಆಫ್ಟರ್’ಗಳ ಸರದಿ. ಮುಂದೆ ಇಡೀ ವಾಕ್ಯ ಬಂದರೆ ಇವು ಎರಡು ವಾಕ್ಯಗಳನ್ನು ಹೊಲಿಯುವ ಕಂಜಂಕ್ಷನ್. ಬರೀ ನಾಮಪದ ಬಂದರೆ ಪ್ರಿಪೊಸಿಷನ್. ಮುಂದೇನೂ ಇಲ್ಲದೆ ಒಂಟಿಯಾಗಿ ನಿಂತರೆ ಆಡ್ವರ್ಬ್. ಈ ಮನೆಯಲ್ಲಿ ನನ್ನ ಪಾಡೂ ಇದೇ, ಒಮ್ಮೆ ಅಡುಗೆಯವಳು, ಒಮ್ಮೆ ದಾದಿ ಎಂದೆ. ಅಕ್ಕ ನಕ್ಕಳು, ಕೆಮ್ಮು ಬಂತು.

‘ಆಫ್ಟರ್’ ಅನ್ನು ಕಂಜಂಕ್ಷನ್ ಆಗಿ ಬಳಸು ಎಂದಳು. ನೀನು ಹುಷಾರಾದ ಮೇಲೆ ಇಬ್ಬರೂ ಸಮುದ್ರ ನೋಡಲು ಹೋಗೋಣ ಎಂಬ ವಾಕ್ಯವನ್ನು ಇಂಗ್ಲಿಷಿನಲ್ಲಿ ತಡವರಿಸದೆ ಹೇಳಿದೆ.

“ವ್ಯಾಕರಣ ಸರಿಯಾಗಿದೆ,” ಎಂದಳು. “ಅಂಕ ಇಲ್ಲ. ಈಗ ‘ಬಿಫೋರ್’ ಹಾಕಿ ಹೇಳು. ನಿಜ ಹೇಳು.”

ಭಾವನ ಆಣೆ ಹಾಳಾಗಲಿ ಎನಿಸಿತು. ಕಲಿತ ಇಂಗ್ಲಿಷೆಲ್ಲ ಕೈಕೊಟ್ಟಿತು. ನಮ್ಮ ಮಾತಲ್ಲೇ ಹೇಳಿಬಿಟ್ಟೆ. “ನೀನು ಹೋಗೋಕೆ ಮುಂಚೆ ಮಗಳನ್ನ ಕರೆಸ್ಬೇಕು ಅಕ್ಕ.”

ಅವಳು ತಲೆಯಾಡಿಸಿದಳು. ಅವಳಿಗೆ ಎಂದೋ ಗೊತ್ತಾಗಿತ್ತು. ನಮ್ಮಲ್ಲೊಬ್ಬರ ಬಾಯಿಂದ ಬರಲೆಂದು ಕಾದಿದ್ದಳು.

“ಹತ್ತಕ್ಕೆ ಹತ್ತು,” ಎಂದಳು. “ಫೋನ್ ಮಾಡು.”

ಮಾಡಿದೆ. ಹುಡುಗಿ ಸಿಕ್ಕ ಬಸ್ಸು ಹತ್ತಿದಳು. ಅಕ್ಕ ಬಾಗಿಲ ಕಡೆಗೇ ಮುಖ ಮಾಡಿಸಿಕೊಂಡು ಮಲಗಿದಳು. ಮರುದಿನ ಹುಡುಗಿ ಒಳಗೆ ಕಾಲಿಟ್ಟಾಗ ನಾನು ಆ ಹಾಸಿಗೆಯ ಬೆಡ್‌ಶೀಟು ಮಡಚುತ್ತಿದ್ದೆ. ಅವಳು ಅಪ್ಪನ ಕಡೆ ತಿರುಗಿಯೂ ನೋಡಲಿಲ್ಲ. ಮೊದಲೇ ಯಾಕೆ ಹೇಳಲಿಲ್ಲ ಚಿಕ್ಕಮ್ಮ ಎಂದು ನನ್ನನ್ನೇ ಕೇಳಿದಳು.

ಪರೀಕ್ಷೆಯಲ್ಲಿ ‘ಆಫ್ಟರ್’ ಬಂದಿತ್ತು. ಅಕ್ಕ ಸತ್ತ ಮೇಲೆ ಅವಳ ಮಗಳು ಬಂದಳು ಎಂದು ಬರೆದೆ. ಅಕ್ಕ ತಿದ್ದಿದ್ದರೂ ಪೂರ್ತಿ ಅಂಕ ಕೊಡುತ್ತಿದ್ದಳು.