ಮಂಕು ಮುಖ ಮೇಲೆ

ಶಿಕಾರಿಪುರದ ಕಾಲೇಜಿನಲ್ಲಿ ನಾಗವೇಣಿ ಹನ್ನೊಂದು ವರ್ಷದಿಂದ ಅತಿಥಿ ಉಪನ್ಯಾಸಕಿ. ಹನ್ನೊಂದು ವರ್ಷ ಕೂರುವ ಅತಿಥಿಯನ್ನು ಯಾವ ಮನೆಯವರು ತಡೆದುಕೊಂಡಾರು ಹೇಳಿ, ಕಾಲೇಜಿನವರು ತಡೆದುಕೊಂಡಿದ್ದರು. ಈ ವರ್ಷ ಪಿಎಚ್‌ಡಿ ಕೈಗೆ ಬರದಿದ್ದರೆ ಆ ಕೆಲಸಕ್ಕೂ ಸಂಚಕಾರ. ಮೌಖಿಕ ಪರೀಕ್ಷೆಗೆ ಇನ್ನು ಎರಡೇ ದಿನವಿತ್ತು.

ಯಾವ ಲೋಹಗಳನ್ನು ಬೆರೆಸಿದರೆ ಗಾಜಾಗುತ್ತದೆಂದು ಕಂಪ್ಯೂಟರಿನಿಂದ ಮೊದಲೇ ಹೇಳಿಸುವುದು ಅವಳ ಸಂಶೋಧನೆ. ಕರಗಿದ ಲೋಹವನ್ನು ಗಿರ್ರನೆ ತಿರುಗುವ ತಣ್ಣನೆಯ ತಾಮ್ರದ ಚಕ್ರದ ಮೇಲೆ ಚಿಮ್ಮಿಸಿದರೆ ತೆಳು ಪಟ್ಟಿಯಾಗುತ್ತದೆ. ಪರಮಾಣುಗಳಿಗೆ ಸಾಲುಗೂಡಲು ಪುರುಸೊತ್ತು ಸಿಗದೆ ಇದ್ದಲ್ಲೇ ಸಿಕ್ಕಿಬಿದ್ದರೆ ಅದು ಗಾಜು. ಕಂಪ್ಯೂಟರ್ ಏಳು ಮಿಶ್ರಲೋಹ ಹೇಳಿತ್ತು. ಎಕ್ಸ್‌ರೇ ಪರೀಕ್ಷೆಯಲ್ಲಿ ಏಳಕ್ಕೆ ಏಳೂ ಗಾಜೆಂದೇ ಬಂದಿತ್ತು.

ಆ ಖುಷಿಗೆ ಪಟ್ಟಿಗಳನ್ನು ತರಗತಿಗೆ ತಂದಳು. "ಇಂಥ ಗಾಜು ಮಡಚಿದ್ರೂ ಮುರಿಯಲ್ಲ, ನೋಡ್ರಿ" ಎಂದು ಒಂದನ್ನು ಮಡಚಿದಳು. ಟಕ್ಕನೆ ಮುರಿಯಿತು.

ಮುಂದಿನ ಬೆಂಚಿನಲ್ಲಿದ್ದ ಮೈತ್ರಿ, "ಹಂಗಾರೆ ಇದು ಗಾಜಲ್ವಾ ಮೇಡಂ?" ಎಂದಳು.

"ಕೈ ಜೋರಾಯ್ತು ಕಣೆ" ಎಂದು ನಾಗವೇಣಿ ತೇಲಿಸಿಬಿಟ್ಟಳು.

ಸಂಜೆ ಸೊರಬದ ಬಸ್ಸಿನಲ್ಲಿ ಉಳಿದ ಆರನ್ನೂ ಮಡಚಿದಳು. ಶಿರಾಳಕೊಪ್ಪ ಬರುವಷ್ಟರಲ್ಲಿ ನಾಲ್ಕು ಮುರಿದಿದ್ದವು. ಮುರಿದ ತುಂಡೊಂದನ್ನು ತಿರುಗಿಸಿ ನೋಡಿದಾಗ ವಿಷಯ ಹೊಳೆಯಿತು. ಎಕ್ಸ್‌ರೇಗೆ ಇಡುವಾಗ ಪಟ್ಟಿಯ ಹೊಳೆಯುವ ಮುಖವೇ ಗಮ್ ಟೇಪಿಗೆ ಚೆನ್ನಾಗಿ ಅಂಟುತ್ತದೆಂದು ಅವರ ಲ್ಯಾಬಿನಲ್ಲಿ ಎಲ್ಲರೂ ಚಕ್ರಕ್ಕೆ ತಾಗಿದ ಮಂಕು ಮುಖವನ್ನೇ ಮೇಲೆ ಮಾಡಿ ಅಂಟಿಸುತ್ತಿದ್ದರು. ಎಕ್ಸ್‌ರೇ ನೋಡಿದ್ದು ಬೇಗ ತಣಿದ ಆ ಮುಖವನ್ನು ಮಾತ್ರ. ನಿಧಾನ ತಣಿದ ಇನ್ನೊಂದು ಮುಖದಲ್ಲಿ ಪರಮಾಣುಗಳು ಆರಾಮಾಗಿ ಸಾಲುಗೂಡಿ ಹರಳಾಗಿದ್ದವು, ಮುರಿದದ್ದು ಅದಕ್ಕೇ. ಇಷ್ಟು ವರ್ಷ ಒಬ್ಬರಾದರೂ ತಿರುವಿ ನೋಡಬಾರದಿತ್ತೇ!

ಗೈಡ್ ಪರಮಶಿವಪ್ಪನವರಿಗೆ ಫೋನ್ ಮಾಡಿ ಎಲ್ಲ ಹೇಳಿದಳು.

"ಮೂವತ್ತು ವರ್ಷದಿಂದ ಹಂಗೇ ಅಂಟಿಸ್ಕೊಂಡು ಬಂದೀವಮ್ಮ" ಎಂದರು ಅವರು. "ಥೀಸಿಸ್ ಬೈಂಡ್ ಆಗೈತೆ, ಪರೀಕ್ಷಕರು ಆಗ್ಲೇ ಹೊರಟಾರೆ. ಈಗ ತಿರುವಿದ್ರೆ ನಿನಗೂ ಇಲ್ಲ, ನನಗೂ ಇಲ್ಲ."

ಬಸ್ಸು ಕಿಕ್ಕಿರಿದಿತ್ತು. ಇಳಿಯಲಿಕ್ಕೂ ಇಲ್ಲ, ನಾಲ್ಕು ಜನರ ಎದುರು ಅಳಲಿಕ್ಕೂ ಇಲ್ಲ. ತುಂಡುಗಳನ್ನು ಟಿಫಿನ್ ಡಬ್ಬಿಗೆ ಹಾಕಿಕೊಂಡಳು.

ಮೌಖಿಕ ಪರೀಕ್ಷೆಯಲ್ಲಿ ಯಾರೂ ಏನೂ ಕೇಳಲಿಲ್ಲ. ಶಾಲು ಹೊದಿಸಿದರು, ಫೋಟೋ ತೆಗೆದರು. ಕೆಲಸ ಉಳಿಯಿತು. ಅಂದಿನಿಂದ ತರಗತಿಯಲ್ಲಿ ಗಾಜಿನ ಪಾಠ ಬಂದರೆ ಅವಳು ಬೋರ್ಡಿನ ಮೇಲಷ್ಟೇ ಬರೆದು ಮುಗಿಸುತ್ತಿದ್ದಳು.

ನಾಲ್ಕು ವರ್ಷದ ಮೇಲೆ, ಸೊರಬದ ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದಾಗ ಮೈತ್ರಿಯ ಫೋನ್ ಬಂತು. ಅವಳೀಗ ಅದೇ ಪರಮಶಿವಪ್ಪನವರ ಬಳಿ ಸಂಶೋಧನೆಗೆ ಸೇರಿದ್ದಳು.

"ಮೇಡಂ, ನಿಮ್ಮ ಏಳನ್ನೂ ಕಂಪ್ಯೂಟರಿಗೆ ಕಲಿಸಿದೀನಿ. ಅವನ್ನ ನೋಡ್ಕೊಂಡು ಅದು ಇನ್ನೂ ಹನ್ನೆರಡು ಹೇಳೈತೆ. ಪಟ್ಟಿ ಅಂಟಿಸ್ಬೇಕು. ಯಾವ ಮುಖ ಮೇಲೆ ಬರ್ಬೇಕು?"

ಎರಡೂ ನೋಡು ಎಂದರೆ ಮುಗಿಯುತ್ತಿತ್ತು. ಆದರೆ ಮೈತ್ರಿ ಹನ್ನೆರಡನ್ನು ತಿರುವಿದರೆ ಆಮೇಲೆ ಈ ಏಳನ್ನೂ ತಿರುವುತ್ತಾಳೆ. ಪದವಿ ಹೋಗುತ್ತದೆ, ಕೆಲಸ ಹೋಗುತ್ತದೆ.

"ಮಂಕು ಮುಖ" ಎಂದಳು ನಾಗವೇಣಿ.



"ಸರ್ರೂ ಹಂಗೇ ಅಂದ್ರು" ಎಂದಳು ಮೈತ್ರಿ. "ನಾನು ಹನ್ನೆರಡನ್ನೂ ಮಡಚಿ ನೋಡ್ದೆ ಮೇಡಂ. ಅವತ್ತು ಕ್ಲಾಸಲ್ಲಿ ಆದಂಗೇ ಆಯ್ತು. ನೀವಾದ್ರೂ ನಿಜ ಹೇಳ್ತೀರೇನೋ ಅಂತ ಕೇಳಿದೆ."

ನಾಗವೇಣಿ ಬಾಯಿ ತೆರೆಯುವಷ್ಟರಲ್ಲಿ ಫೋನ್ ಇಟ್ಟಾಗಿತ್ತು. ಶಿಕಾರಿಪುರದ ಬಸ್ಸು ಬಂದು ನಿಂತಿತು. ಹಿಂದಿದ್ದವರು ತಳ್ಳಿದ ರಭಸಕ್ಕೆ ಅವಳೂ ಒಳಗೆ ಹೋದಳು.