ಒಂದು ಗೇಣು ದೂರ

ಅಪ್ಪ ಆಟದ ರೈಲಿನ ಇಂಜಿನ್ನನ್ನು ಅಂಗಾತ ಹಿಡಿದುಕೊಂಡಿದ್ದರು. ಎರಡು ವೈರುಗಳ ತುದಿ ತಾಗಿಸಿದಾಗ ಅದರ ಚಕ್ರಗಳು ನಿಧಾನಕ್ಕೆ ತಿರುಗುತ್ತಿದ್ದವು. ಮಗಳು ಬೆಂಕಿಕಡ್ಡಿಗೆ ಹತ್ತಿ ಸುತ್ತಿ, ಸ್ಪಿರಿಟ್ಟಿನಲ್ಲಿ ಅದ್ದಿ, ಒಂದೊಂದೇ ಚಕ್ರದ ಅಂಚಿಗೆ ಹಿಡಿಯುತ್ತಿದ್ದಳು. ಹತ್ತಿ ಕಪ್ಪಾಗುತ್ತಿತ್ತು. ಕಪ್ಪಾದದ್ದನ್ನು ಹಳೆಯ ತಟ್ಟೆಗೆ ಹಾಕಿ ಹೊಸದನ್ನು ಸುತ್ತಿಕೊಳ್ಳುತ್ತಿದ್ದಳು. ಎಂಟು ಚಕ್ರಗಳಲ್ಲಿ ಆರು ಮುಗಿದಾಗ ಅಪ್ಪ ಬಾಯಿಬಿಟ್ಟರು.

"ಅಮ್ಮಂಗೆ ಹೇಳು, ಇನ್ನರ್ಧ ಗಂಟೇಲಿ ಟೇಬಲ್ ಬಿಟ್ಕೊಡ್ತೀನಿ ಅಂತ."

ಅಡುಗೆಮನೆ ನಾಲ್ಕು ಹೆಜ್ಜೆ ದೂರದಲ್ಲಿತ್ತು. ಬಾಗಿಲು ತೆರೆದೇ ಇತ್ತು. ಆದರೂ ಅವಳು ಎದ್ದು ಹೋಗಿ ಹೇಳಿದಳು.

"ಕೇಳಿಸ್ತು," ಅಂದಳು ಅಮ್ಮ, ಪಾತ್ರೆಯಿಂದ ತಲೆಯೆತ್ತದೆ. "ನಂಗೇನು ಅವಸರ ಇಲ್ಲ, ಒಂದು ಗುಂಡಿ ಹಚ್ಚೋದಿದೆ ಅಷ್ಟೆ ಅನ್ನು. ಹಾಗೇ ಕೇಳು, ಸೋಮವಾರಕ್ಕೆ ಯೂನಿಫಾರಂ ಇಸ್ತ್ರಿ ಮಾಡಿಡ್ಲಾ ಅಂತ."

ಅವಳು ಬಂದು ಕೇಳಿದಳು. ಅಪ್ಪ ಏಳನೆಯ ಚಕ್ರವನ್ನು ಅವಳ ಕಡೆ ತಿರುಗಿಸಿದರು.

"ಈಗ್ಲೇ ಬೇಡ ಅನ್ನು."

ಒಂಬತ್ತನೇ ತರಗತಿಯಲ್ಲಿ ಶಾಲೆ ಬಿಟ್ಟಮೇಲೆ ಅವಳು ಅಮ್ಮನ ಹೊಲಿಗೆಗೆ ಕಾಜಾ ಹಾಕಿಕೊಂಡು ಮನೆಯಲ್ಲೇ ಇದ್ದಳು. ಈಗ ಇಪ್ಪತ್ತಮೂರು ದಿನಗಳಿಂದ ಇದೂ ಒಂದು ಕೆಲಸ, ಈ ಕಡೆಯ ಮಾತನ್ನು ಆ ಕಡೆಗೆ ದಾಟಿಸುವುದು. ಬಿಸಿ ಪಾತ್ರೆ ಸಾಗಿಸುವಾಗ ಹೇಗೋ ಹಾಗೆ, ದಾರಿಯಲ್ಲಿ ಏನೂ ತುಳುಕದಂತೆ ನೋಡಿಕೊಳ್ಳುತ್ತಿದ್ದಳು.

ಅಪ್ಪ ಗೂಡ್ಸ್ ಗಾಡಿಯ ಡ್ರೈವರ್. ಇಪ್ಪತ್ತಮೂರು ದಿನಗಳ ಹಿಂದೆ, ಒಂದು ತಿರುವು ದಾಟಿದ ಕೂಡಲೇ, ಹಳಿಯ ಮೇಲೊಬ್ಬ ಮನುಷ್ಯ ಕಂಡಿದ್ದ. ಅವನ ಸೈಕಲ್ಲಿನ ಚಕ್ರ ಹಳಿಯ ಸಂದಿಯಲ್ಲಿ ಸಿಕ್ಕಿಕೊಂಡಿತ್ತು. ಅವನು ಸೈಕಲ್ಲನ್ನು ಬಿಟ್ಟು ಓಡಲಿಲ್ಲ. ಎಳೆಯುತ್ತಲೇ ಇದ್ದ. ಅಪ್ಪ ಬ್ರೇಕ್ ಹಾಕಿದ್ದರು. ಗಾಡಿ ನಿಂತದ್ದು ಅವನನ್ನು ದಾಟಿ ಅರ್ಧ ಕಿಲೋಮೀಟರ್ ಆದಮೇಲೆ. ಆ ಸಂಜೆ ಮನೆಗೆ ಬಂದ ಅಪ್ಪನ ಯೂನಿಫಾರಂ ನೆನೆಹಾಕುತ್ತಾ ಅಮ್ಮ, ಒಲೆಯ ಮೇಲೆ ಹಾಲು ಉಕ್ಕಿಹೋದಾಗ ಕೇಳುವ ಹಾಗೆ, ಕೇಳಿಬಿಟ್ಟಿದ್ದಳು.

"ಒಂಚೂರು ಮುಂಚೆ ನಿಲ್ಸಕ್ಕಾಗ್ಲಿಲ್ವಾ?"

ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. ಅದು ಮಗಳಿಗೂ ಗೊತ್ತಿತ್ತು. ವಿಚಾರಣೆಯವರು ಮೂರು ಹಾಳೆಯಲ್ಲಿ ಅದನ್ನೇ ಕೇಳಿದರು, ಅಪ್ಪ ವೇಗ, ಇಳಿಜಾರು, ಹೊರೆ ಎಲ್ಲ ಬರೆದುಕೊಟ್ಟರು. ತಪ್ಪಿಲ್ಲ ಅಂತ ಆಯಿತು. ಅಮ್ಮನಿಗೆ ಮಾತ್ರ ಉತ್ತರ ಕೊಡಲಿಲ್ಲ. ಅವತ್ತಿನಿಂದ ಅವಳ ಜೊತೆ ನೇರವಾಗಿ ಮಾತೇ ಆಡಲಿಲ್ಲ. ಅಮ್ಮನೂ ಎರಡು ದಿನ ಕಾದು, ಮೂರನೇ ದಿನದಿಂದ ಮಗಳ ಮೂಲಕವೇ ಮಾತಾಡತೊಡಗಿದಳು. ಡಾಕ್ಟರು ಕೊಟ್ಟ ನಾಲ್ಕು ವಾರದ ರಜೆ ಸೋಮವಾರಕ್ಕೆ ಮುಗಿಯುತ್ತಿತ್ತು.

ಐದನೇ ದಿನ ಅಪ್ಪ ಆಟದ ಸಾಮಾನಿನ ಅಂಗಡಿಯಿಂದ ಈ ಇಂಜಿನ್ನನ್ನು ತಂದಿದ್ದರು. ಅಲ್ಲಿದ್ದುದರಲ್ಲಿ ಅತಿ ಅಗ್ಗದ್ದು. ಡೀಸೆಲ್ ಇಂಜಿನ್ನಿನ ಆಕಾರವೇನೋ ಇತ್ತು, ಆದರೆ ಬಣ್ಣ ಮಿಠಾಯಿಯಂತೆ ಹೊಳೆಯುತ್ತಿತ್ತು. ಕೈಹಿಡಿಕೆಗಳು ಪ್ಲಾಸ್ಟಿಕ್ಕಿನಲ್ಲೇ ಉಬ್ಬಿಕೊಂಡು ಗೋಡೆಗೆ ಅಂಟಿದ ಹುಳುಗಳ ಹಾಗಿದ್ದವು. ಮಗಳೇ ಬ್ಲೇಡಿನಿಂದ ಅವನ್ನು ಕೆರೆದು ತೆಗೆದಳು, ಸೂಜಿಯಂಥ ಡ್ರಿಲ್ಲಿನಿಂದ ತೂತು ಕೊರೆದು ಹಿತ್ತಾಳೆಯ ತಂತಿ ಕೂರಿಸಿದಳು. ಅಂಗಿಯ ಡಬ್ಬದ ಪಾರದರ್ಶಕ ಹಾಳೆ ಕತ್ತರಿಸಿ ಕಿಟಕಿಗೆ ಗಾಜು ಮಾಡಿದಳು. ಹೊಳಪನ್ನು ಮಾಸಿಸಿ, ಇದ್ದಿಲ ಪುಡಿಯನ್ನು ಬ್ರಶ್ಶಿನಿಂದ ಛಾವಣಿಗೆ ತಟ್ಟಿದಳು. "ಇಂಜಿನ್ ಹೊಸದಾಗಿರೋದು ಒಂದೇ ದಿನ," ಅಂದಿದ್ದರು ಅಪ್ಪ. ಅಕ್ಕಿಕಾಳಿಗಿಂತ ಕೊಂಚ ದೊಡ್ಡ ಇಬ್ಬರು ಮನುಷ್ಯರನ್ನೂ ಮಾಡಿ ನೀಲಿ ಅಂಗಿ ಬಳಿದಿದ್ದಳು. ಅಪ್ಪ ಅವರನ್ನು ಒಳಗೆ ಕೂರಿಸಲಿಲ್ಲ. "ಇರ್ಲಿ, ಆಮೇಲೆ," ಎಂದು ಬಾಟಲಿಯ ಮುಚ್ಚಳವೊಂದರಲ್ಲಿ ಹಾಕಿಟ್ಟರು.

ಒಂದು ಕೆಲಸವನ್ನು ಮಾತ್ರ ಅವಳಿಗೆ ಕೊಡಲಿಲ್ಲ.

"ನೋಡು," ಎಂದು ಒಂದು ದಿನ, ಹಳಿಗೆ ಕರೆಂಟ್ ಬಿಡುವ ರೆಗ್ಯುಲೇಟರನ್ನು ಸೊನ್ನೆಗೆ ತಂದಿದ್ದರು. ಓಡುತ್ತಿದ್ದ ಇಂಜಿನ್ ಗಕ್ಕನೆ ನಿಂತಿತ್ತು. "ಕರೆಂಟ್ ತೆಗೆದ್ರೆ ಅಲ್ಲೇ ನಿಂತ್ಬಿಡುತ್ತೆ. ಆಟದ ಸಾಮಾನು ಅಂತ ಗೊತ್ತಾಗೋದೇ ಇಲ್ಲಿ."

ಲೇತ್ ಅಂಗಡಿಯವನಿಂದ ಹಿತ್ತಾಳೆಯ ದಪ್ಪ ಬಿಲ್ಲೆಯೊಂದನ್ನು ಮಾಡಿಸಿ ತಂದು ಮೋಟಾರಿನ ಕಡ್ಡಿಗೆ ಕೂರಿಸಿದರು. ಅದು ತಿರುಗಿದರೆ, ಕರೆಂಟ್ ಹೋದಮೇಲೂ ಸ್ವಲ್ಪ ಹೊತ್ತು ತಿರುಗುತ್ತಲೇ ಇರುತ್ತದೆ. ಮೊದಲ ದಿನ ಇಂಜಿನ್ ಎರಡು ಬೆರಳಷ್ಟು ಮುಂದೆ ಹೋಗಿ ನಿಂತಿತು. ಅಪ್ಪ ಮೀನು ಹಿಡಿಯುವ ಗಾಳದ ಸೀಸದ ಗುಂಡುಗಳನ್ನು ಚಪ್ಪಟೆ ಮಾಡಿ ಹೊಟ್ಟೆಯೊಳಗೆ ತುಂಬಿದರು. ಹಲ್ಲಿನ ಚಕ್ರ ಬದಲಾಯಿಸಿದರು. ನಾಲ್ಕನೇ ದಿನ, ಪೂರ್ತಿ ವೇಗದಲ್ಲಿದ್ದಾಗ ಕರೆಂಟ್ ತೆಗೆದರೂ, ಅದು ಒಂದು ಗೇಣು ಹೋಯಿತು. ಅಪ್ಪ ಹೆಬ್ಬೆರಳಿನಿಂದ ಕಿರುಬೆರಳಿಗೆ ಕೈ ಅಗಲಿಸಿ ಅಳೆದರು. ನಗಲಿಲ್ಲ. ಕೈ ತೊಳೆದುಕೊಂಡು ಬಂದು, ಆ ದಿನಗಳಲ್ಲಿ ಮೊದಲ ಸಲ, ತಟ್ಟೆಯಲ್ಲಿ ಏನೂ ಬಿಡದೆ ಊಟ ಮಾಡಿದರು.

ಎಂಟನೆಯ ಚಕ್ರ ಒರೆಸಿ ಮುಗಿಯುವಾಗ ಬಾಗಿಲು ತಟ್ಟಿದ ಸದ್ದಾಯಿತು. ಅಪ್ಪನ ಅಸಿಸ್ಟೆಂಟ್. ಆ ದಿನ ಪಕ್ಕದ ಸೀಟಿನಲ್ಲಿದ್ದವನು ಅವನೇ.

"ಏನಮ್ಮಾ ಮಾತಿನಮಲ್ಲಿ, ಗಂಟ್ಲು ಹುಷಾರಾ? ನಿನ್ನ ಗಲಾಟೆ ಬೀದಿ ಕೊನೇವರೆಗೂ ಕೇಳ್ತಿತ್ತು."

ಅವಳು ಕುರ್ಚಿ ಸರಿಸಿಕೊಟ್ಟಳು.

"ಗುರುಗಳೇ, ಸೋಮವಾರ ಬಂದು ನನ್ನ ಉಳಿಸ್ಕೊಳ್ಳಿ. ನಿಮ್ಮ ಜಾಗಕ್ಕೆ ಬಂದಿರೋನು ದಾರಿಯುದ್ದಕ್ಕೂ ಹಾಡ್ತಾನೆ. ಇಂಜಿನ್ನಿಗಾದ್ರೂ ಒಂದು ಶ್ರುತಿ ಇದೆ, ಅವನಿಗಿಲ್ಲ." ಮೇಜಿನತ್ತ ಬಗ್ಗಿದವನು ಹಾಗೇ ನಿಂತ. "ಅಯ್ಯೋ, ಇದು ನಮ್ದೇ! ಹಾರನ್ ನೋಡು, ಒಂದು ಉದ್ದ, ಒಂದು ಗಿಡ್ಡ. ಆ ಮುರಿದ ವೈಪರೂ ಬಿಟ್ಟಿಲ್ವಲ್ಲ ನೀವು! ಒಳಗೆ ಯಾಕೆ ಯಾರೂ ಇಲ್ಲ? ನಾನೆಲ್ಲಿ?"

ಅವಳು ಮುಚ್ಚಳ ತೋರಿಸಿದಳು. ಅವನು ಕಣ್ಣು ಕಿರಿದು ಮಾಡಿ ನೋಡಿದ.

"ನನ್ನ ಹೊಟ್ಟೇನ ಇಷ್ಟು ಸಣ್ಣ ಮಾಡಿದೀಯಲ್ಲ, ಪುಣ್ಯಾತ್ಗಿತ್ತಿ. ನಿನ್ನ ಬಾಯಿಗೆ ಸಕ್ಕರೆ ಹಾಕ."

ಆಮೇಲೆ ಅವನ ಬೆರಳು ಇಂಜಿನ್ನಿನ ಮುಂಭಾಗಕ್ಕೆ ಹೋಯಿತು. ಎಡಗಡೆಯ ಕೈಹಿಡಿಕೆಯನ್ನು ಅವಳು ನೆಟ್ಟಗೇ ಕೂರಿಸಿದ್ದಳು. ಮೊನ್ನೆ ಅಪ್ಪ ಚಿಮಟ ತೆಗೆದುಕೊಂಡು ಅದೊಂದನ್ನು ಒಳಕ್ಕೆ ಬಾಗಿಸಿದ್ದರು. ಯಾಕೆಂದು ಅವಳು ಕೇಳಿರಲಿಲ್ಲ. ಅಸಿಸ್ಟೆಂಟ್ ಬೆರಳನ್ನು ಹಿಂದಕ್ಕೆ ತೆಗೆದುಕೊಂಡ.

"ಅದನ್ನ ಶೆಡ್ಡಲ್ಲಿ ಸರಿ ಮಾಡಿದಾರೆ, ಗುರುಗಳೇ. ಬಣ್ಣಾನೂ ಹೊಡ್ದಾಯ್ತು. ಈಗ ಗೊತ್ತೇ ಆಗಲ್ಲ."

"ಸರಿ," ಅಂದರು ಅಪ್ಪ.

ಅಮ್ಮ ಚಹಾ ತಂದಳು. ಲೋಟಗಳನ್ನಿಟ್ಟು, ಮೇಜಿನ ಮೂಲೆಯಲ್ಲಿ ಕೂತು, ಯೂನಿಫಾರಂ ಅಂಗಿಯನ್ನು ಮಡಿಲಿಗೆ ಎಳೆದುಕೊಂಡಳು. ನೀಲಿ ದಾರದ ರೀಲನ್ನು ಪಕ್ಕದಲ್ಲಿಟ್ಟುಕೊಂಡು ಸೂಜಿಗೆ ದಾರ ಪೋಣಿಸಿದಳು. ಮೇಜಿನ ತುಂಬ ಮೊಟ್ಟೆಯಾಕಾರದಲ್ಲಿ ಹಳಿ ಹರಡಿತ್ತು. ಮಗಳು ಇಂಜಿನ್ನನ್ನು ಹಳಿಯ ಮೇಲಿಟ್ಟು ಎರಡು ಸುತ್ತು ಓಡಿಸಿದಳು. ಚಕ್ರ ಶುದ್ಧವಾಗಿದ್ದರಿಂದ ಎಲ್ಲೂ ತಡವರಿಸಲಿಲ್ಲ.

ಅಸಿಸ್ಟೆಂಟನಿಗೆ ಮನೆಯೊಳಗಿನ ಮೌನ ತಡೆಯಲಾಗಲಿಲ್ಲವೇನೋ. "ಅತ್ತಿಗೆ, ನೀವೊಂದು ಸಲ ಓಡ್ಸಿ. ಇಪ್ಪತ್ತು ವರ್ಷದಿಂದ ಡ್ರೈವರ್ ಹೆಂಡ್ತಿ, ಒಂದು ದಿನಾನಾದ್ರೂ ಡ್ರೈವರ್ ಆಗಿ."

"ನಂಗೆಲ್ಲಿ ಬರುತ್ತಪ್ಪ ಇವೆಲ್ಲ."

"ಹೊಲಿಗೆ ಮಿಷಿನ್ ತುಳಿಯೋರಿಗೆ ಇದೊಂದು ಲೆಕ್ಕಾನಾ? ಬಲಕ್ಕೆ ತಿರುಗ್ಸಿದ್ರೆ ಹೋಗುತ್ತೆ, ಎಡಕ್ಕೆ ತಿರುಗ್ಸಿದ್ರೆ ನಿಲ್ಲುತ್ತೆ. ಅಷ್ಟೇ."

ಅಮ್ಮ ಮಗಳ ಮುಖ ನೋಡಿದಳು, ಕೇಳಿಕೊಂಡು ಬಾ ಎನ್ನುವ ಹಾಗೆ. ಅಪ್ಪ ರೆಗ್ಯುಲೇಟರನ್ನು ಅಮ್ಮನ ಕಡೆಗೆ ಒಂದಿಷ್ಟು ತಳ್ಳಿದರು.

ಅವಳು ಸೂಜಿಯನ್ನು ಅಂಗಿಗೆ ಚುಚ್ಚಿ ಪಕ್ಕಕ್ಕಿಟ್ಟಳು. ರೆಗ್ಯುಲೇಟರನ್ನು ಮೊದಲು ಹೆದರಿ ಹೆದರಿ ತಿರುಗಿಸಿದಳು, ಆಮೇಲೆ ಪೂರ್ತಿ. ಇಂಜಿನ್ ಸರ್ರನೆ ಹೊರಟಿತು. "ನಿಧಾನ ಅತ್ತಿಗೆ, ಸಿಗ್ನಲ್ ನೋಡ್ಕೊಳ್ಳಿ!" ಎಂದು ಅಸಿಸ್ಟೆಂಟ್ ನಕ್ಕ. ಅಮ್ಮನ ಮುಖದಲ್ಲಿಯೂ ಏನೋ ಸಡಿಲವಾಯಿತು. ಇಂಜಿನ್ನನ್ನು ಕಣ್ಣಲ್ಲೇ ಹಿಂಬಾಲಿಸುತ್ತ ಮೇಜಿನ ಮೇಲೆ ಬಗ್ಗಿದಳು. ಮೊಣಕೈ ತಾಗಿ ದಾರದ ರೀಲು ಉರುಳಿತು. ಉರುಳಿಕೊಂಡು ಹೋಗಿ, ತಿರುವಿನ ಆಚೆ, ಎರಡು ಹಳಿಗಳ ನಡುವೆ ನಿಂತಿತು.

ಅಮ್ಮ ರೆಗ್ಯುಲೇಟರನ್ನು ಒಮ್ಮೆಲೇ ಎಡಕ್ಕೆ ತಿರುಗಿಸಿದಳು. ಟಕ್ ಎಂದಿತು.

ಇಂಜಿನ್ ತಿರುವು ದಾಟಿತು. ಅವಳು ರೆಗ್ಯುಲೇಟರನ್ನು ನೋಡಿದಳು, ಅದು ಸೊನ್ನೆಯಲ್ಲೇ ಇತ್ತು. ಇನ್ನಷ್ಟು ಒತ್ತಿ ತಿರುಗಿಸಿದಳು, ಅದರಾಚೆ ತಿರುಗಲು ಜಾಗವಿರಲಿಲ್ಲ. ಅಸಿಸ್ಟೆಂಟನ ಕೈಯಲ್ಲಿ ಲೋಟ ಅರ್ಧಕ್ಕೇ ನಿಂತಿತ್ತು. ಅಪ್ಪನ ಎರಡೂ ಕೈಗಳು ಮೊಣಕಾಲ ಮೇಲಿದ್ದವು. ಮಗಳು, ದಾಟಿಸಬೇಕಾದ ಮಾತು ಯಾವುದಾದರೂ ಇದೆಯೇ ಎಂಬಂತೆ, ಒಬ್ಬರಿಂದ ಒಬ್ಬರಿಗೆ ನೋಡಿದಳು. ಯಾರೂ ಅಲುಗಾಡಲಿಲ್ಲ. ಒಳಗೆ ಯಾರೂ ಇಲ್ಲದ ಇಂಜಿನ್, ಬಾಗಿದ ಕೈಹಿಡಿಕೆಯನ್ನು ಮುಂದಿಟ್ಟುಕೊಂಡು, ರೀಲಿನ ಕಡೆಗೆ ಹೋಗುತ್ತಲೇ ಇತ್ತು.

"ರೀ," ಅಂದಳು ಅಮ್ಮ, ಅಪ್ಪನ ಮುಖ ನೋಡಿಕೊಂಡು. "ರೀ, ನಿಲ್ಸಿ ಅದನ್ನ."