ಟೈಲ್ಸ್ ಇಕ್ಕಳಕ್ಕೂ ನಾಯಿಯ ಉಗುರಿಗೂ ಆಗಿಬರುವುದಿಲ್ಲ

ನಾಯಿಯ ಉಗುರಿನ ವಿಷಯಕ್ಕೆ ನಮ್ಮ ಮನೆಯಲ್ಲಿ ನಡೆದಷ್ಟು ರಂಪ ಆಸ್ತಿ ಪಾಲಾಗುವ ಮನೆಯಲ್ಲೂ ನಡೆದಿರಲಿಕ್ಕಿಲ್ಲ. ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ. ನಿಮ್ಮ ಮನೆಯಲ್ಲೂ ನಾಯಿ ಇದ್ದರೆ ಇದರಲ್ಲಿ ಅರ್ಧವಾದರೂ ನಡೆದೇ ಇರುತ್ತದೆ. ಆದ್ದರಿಂದ ನಗುವ ಮೊದಲು ಪೂರ್ತಿ ಕೇಳಿ.

ನಮ್ಮವರು ನೆಲಕ್ಕೆ ಟೈಲ್ಸ್ ಹಾಕುವ ಮೇಸ್ತ್ರಿ. ಆ ಕೆಲಸದಲ್ಲಿ ಅವರದು ಎತ್ತಿದ ಕೈ, ಎರಡು ಮಾತಿಲ್ಲ. ಹೋದ ವರ್ಷ ನಮ್ಮ ಮನೆಗೂ ಹಾಕಿದರು. ಮುಂಬಾಗಿಲಿನಿಂದ ಹಿತ್ತಲಿನವರೆಗೆ ಒಂದೇ ಮಟ್ಟ, ಒಂದೇ ಗೆರೆ, ಮುಖ ಕಾಣುವಂಥ ಹೊಳಪು. ಆ ನೆಲ ಬಂದದ್ದೇ ಬಂತು, ಮನೆಯ ನೆಮ್ಮದಿ ಹೊರಟುಹೋಯಿತು. ನೀರು ಚೆಲ್ಲಬಾರದು, ಕುರ್ಚಿ ಎಳೆಯಬಾರದು, ದಫೇದಾರ ಮಣ್ಣುಗಾಲಿನಲ್ಲಿ ಒಳಗೆ ಬರಬಾರದು. ದಫೇದಾರ ಎಂದರೆ ನಮ್ಮ ನಾಯಿ. ಯಾರೇ ಬಂದರೂ ಸುತ್ತ ಒಂದು ಸುತ್ತು ಹಾಕಿ ವಿಚಾರಣೆ ಮಾಡಿಯೇ ಬಿಡುವವನು, ಅದಕ್ಕೇ ಅತ್ತೆ ಆ ಹೆಸರಿಟ್ಟಿದ್ದರು. ಕಾಲು ಮಣ್ಣಾಗುತ್ತದೆಂದು ನಮ್ಮವರು ಅವನ ಬೀದಿ ಸುತ್ತಾಟವನ್ನೇ ನಿಲ್ಲಿಸಿದರು.

ಒರಟು ರಸ್ತೆಯಲ್ಲಿ ಓಡಾಡುವ ನಾಯಿಯ ಉಗುರು ತಾನಾಗಿ ಒಂದಿಷ್ಟು ಸವೆಯುತ್ತದೆ. ಕನ್ನಡಿಯಂಥ ನೆಲದ ಮೇಲೆ ಎಲ್ಲಿಂದ ಸವೆಯಬೇಕು? ಬೆಳೆಯಿತು. ದಫೇದಾರ ತಿರುವಿನಲ್ಲೆಲ್ಲ ಜಾರತೊಡಗಿದ. ಎದ್ದು ನಿಲ್ಲಬೇಕಾದರೆ ಹಿಂಗಾಲು ಎರಡೂ ಎರಡು ಕಡೆಗೆ ಹೋಗುತ್ತಿದ್ದವು. ಅವನಿಗೆ ವಯಸ್ಸಾಯಿತು, ಸೊಂಟ ಬಿದ್ದುಹೋಯಿತು ಎಂದು ನಮ್ಮವರು ತೀರ್ಪು ಕೊಟ್ಟರು. ಅವನಿಗೆ ಇನ್ನೂ ಐದು ತುಂಬಿಲ್ಲ ಎಂದು ನಾನು ಹೇಳಿದ್ದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಅವರ ಕಣ್ಣೆಲ್ಲ ನೆಲದ ಮೇಲೆ. ಗೀರು ಬಿದ್ದಿದೆಯೇ ಎಂದು ಮಂಡಿಯೂರಿ, ಟಾರ್ಚ್ ಹಿಡಿದು ಹುಡುಕುವುದೇ ದಿನಾ ಸಂಜೆಯ ಕೆಲಸವಾಯಿತು. ನೆಲ ನೋಡುವ ಬದಲು ನಾಯಿಯ ಕಾಲು ನೋಡಿ, ಉಗುರು ತೆಗೆಯಿರಿ ಎಂದು ನಾನು ಹೇಳಿ ಹೇಳಿ ಸಾಕಾಗಿದ್ದೆ.

ಕಡೆಗೊಂದು ದಿನ ಮನಸ್ಸು ಮಾಡಿದರು. ಹೇಗೆ ಮಾಡಿದರು ಎಂಬುದನ್ನು ನೆನೆದರೆ ಈಗಲೂ ನನಗೆ ಮೈ ಉರಿಯುತ್ತದೆ. ಟೈಲ್ಸಿನ ಅಂಚು ಮುರಿಯುವ ಇಕ್ಕಳ ತಂದರು. ಅಷ್ಟಕ್ಕೇ ನಿಲ್ಲದೆ ಪೆನ್ಸಿಲ್ಲನ್ನೂ ತಂದು, ಒಂದು ಕಾಲಿನ ಉಗುರುಗಳಿಗೆಲ್ಲ ಒಂದೇ ಮಟ್ಟಕ್ಕೆ ಗುರುತು ಹಾಕಿದರು. ಒಂದು ಉದ್ದ ಒಂದು ಗಿಡ್ಡ ಇದ್ದರೆ ಅವರ ಕಣ್ಣಿಗೆ ಆಗುವುದಿಲ್ಲವಲ್ಲ! ನಾನು ತಡೆಯುವಷ್ಟರಲ್ಲಿ ಗುರುತಿನ ಮೇಲೆ ಇಕ್ಕಳ ಇಟ್ಟು ಒಂದೇ ಏಟಿಗೆ ಕಟ್ ಎನಿಸಿದರು. ದಫೇದಾರ ಕಿರುಚಿದ ಕಿರುಚಾಟಕ್ಕೆ ಪಕ್ಕದ ಮನೆಯವರು ಗೋಡೆಯ ಮೇಲಿಂದ ಇಣುಕಿದರು. ನೆಲದ ಮೇಲೆ ರಕ್ತ. ಗಾಬರಿಬಿದ್ದು ಇವರು ಟೈಲ್ಸ್ ಸಂದಿಗೆ ತುಂಬುವ ಬಿಳಿ ಸಿಮೆಂಟನ್ನೇ ಉಗುರಿಗೆ ಮೆತ್ತಿದರು. ಏನು ಸೋರಿದರೂ ಅವರಿಗೆ ಗೊತ್ತಿರುವ ಔಷಧ ಅದೊಂದೇ. ನಾನು ಹಣೆ ಚಚ್ಚಿಕೊಂಡು, ಆ ಕಾಲನ್ನು ನೀರಿನಲ್ಲಿ ತೊಳೆದು, ಬಟ್ಟೆ ಒತ್ತಿ ಹಿಡಿದು ಕುಳಿತೆ.

ಅಲ್ಲಿಂದ ಮುಂದೆ ದಫೇದಾರ ಯಾರಿಗೂ ಕಾಲು ಮುಟ್ಟಗೊಡಲಿಲ್ಲ. ಮುಟ್ಟಿದರೆ ಗುರ್ ಎನ್ನುತ್ತಿದ್ದ. ಅತ್ತೆಯೊಬ್ಬರನ್ನು ಬಿಟ್ಟು.

ಅತ್ತೆಗೆ ಕಣ್ಣು ತೀರಾ ಮಂಜು. ಮಂಚದಿಂದ ಬಚ್ಚಲಿಗೆ, ಬಚ್ಚಲಿನಿಂದ ಹಿತ್ತಲಿಗೆ ದಫೇದಾರ ಮುಂದೆ, ಅವರು ಹಿಂದೆ. ಒಂದು ಬೆಳಿಗ್ಗೆ ಅವರು ಮಂಚದ ಮೇಲೆ ಕುಳಿತಿದ್ದಾಗ ಅವನು ಕಾಲು ಜಾರಿ, ಆಸರೆಗೆಂದು ಅವರ ತೋಳಿಗೆ ಪಂಜ ಹಾಕಿದ. ವಯಸ್ಸಾದವರ ಚರ್ಮ, ಕಾಗದದ ಹಾಗೆ ಹರಿದುಹೋಯಿತು. ಆಸ್ಪತ್ರೆಗೆ ಹೋಗಿ ಗಾಯ ತೊಳೆಸಿ, ಸೂಜಿ ಹಾಕಿಸಿ ಬಂದೆವು. ನಮ್ಮವರು ಕೆಂಡವಾಗಿದ್ದರು.

"ಅಮ್ಮನಿಗೆ ಗಾಯ ಮಾಡೋ ನಾಯಿ ಈ ಮನೇಲಿ ಬೇಡ. ಭಾನುವಾರ ನಮ್ಮ ಟೈಲ್ಸ್ ಗೋದಾಮಿನವರು ವ್ಯಾನ್ ತರ್ತಾರೆ. ಗೇಟಿಗೆ ಕಟ್ಟೋಕೆ ಅವರಿಗೊಂದು ನಾಯಿ ಬೇಕಂತೆ" ಎಂದರು.

ಅತ್ತೆ ಅವತ್ತು ಊಟ ಬಿಟ್ಟರು. ಪಟ್ಟಿ ಕಟ್ಟಿದ ತೋಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ಗೋಡೆಯ ಕಡೆ ತಿರುಗಿ ಮಲಗಿದರು. ಗೋದಾಮಿನ ಸರಪಳಿಗೆ ಕಟ್ಟುಬಿದ್ದರೆ ದಫೇದಾರ ಬದುಕುವವನಲ್ಲ, ಅವನಿಲ್ಲದೆ ಈ ಮುದುಕಿಗೆ ಮಂಚ ಬಿಟ್ಟು ಏಳುವ ಧೈರ್ಯವೂ ಬರುವುದಿಲ್ಲ. ನಮ್ಮವರನ್ನು ಕೇಳದೆ ನಾದಿನಿಗೆ ಫೋನ್ ಮಾಡಿದೆ.

ನಾದಿನಿ ಪ್ರಾಣಿಗಳ ಆಸ್ಪತ್ರೆಯಲ್ಲಿ ನಾಯಿ, ಬೆಕ್ಕುಗಳಿಗೆ ಸ್ನಾನ ಮಾಡಿಸಿ, ಕೂದಲು, ಉಗುರು ಕತ್ತರಿಸುವ ಕೆಲಸದಲ್ಲಿದ್ದಾಳೆ. ಸ್ವಂತ ತಂಗಿಯನ್ನೇ ಒಂದು ಮಾತು ಕೇಳಬಹುದಿತ್ತಲ್ಲ? ಕೇಳಿದರೆ ನಮ್ಮ ಮೇಸ್ತ್ರಿಗಳ ತೂಕ ಕಡಿಮೆಯಾಗುತ್ತದೆ.

ಅವಳು ಬಂದವಳೇ ದಫೇದಾರನ ಪಕ್ಕದಲ್ಲಿ ನೆಲದ ಮೇಲೆ ಕುಳಿತಳು. ಕಾಲಿಗೆ ಕೈ ಹಾಕಲಿಲ್ಲ. ಬೇಯಿಸಿದ ಮೊಟ್ಟೆಯ ಚೂರು ಕೊಡುತ್ತ, ಬೆನ್ನು ಸವರುತ್ತ, ಭುಜ ಸವರುತ್ತ, ಸಾವಕಾಶವಾಗಿ ಕಾಲಿನ ತನಕ ಬಂದಳು. ಅವನು ಗುರ್ ಎಂದಾಗ ಕೈ ನಿಲ್ಲಿಸಿದಳು, ಸುಮ್ಮನಾದಾಗ ಮತ್ತೆ ಸವರಿದಳು. ಆಮೇಲೆ ಅಣ್ಣನಿಗೆ ಚೆನ್ನಾಗಿ ಬೈದಳು. ಉಗುರು ಟೈಲ್ಸಿನ ಹಾಗೆ ಜೀವವಿಲ್ಲದ ವಸ್ತುವಲ್ಲ, ಅದರ ಒಳಗೆ ರಕ್ತವೂ ನರವೂ ಇರುವ ಮೆತ್ತನೆಯ ಜೀವದ ಭಾಗವಿದೆ, ಅದಕ್ಕೆ ತಾಗಿದ್ದಕ್ಕೇ ಅವನು ಕಿರುಚಿದ್ದು ಎಂದಳು. ನಮ್ಮವರು ಸೋಲಲಿಲ್ಲ. ಮುಟ್ಟಿದರೆ ರಕ್ತ ಬರುವುದಾದರೆ ಮುಟ್ಟುವುದೇ ಬೇಡ, ದೇವರು ಕೊಟ್ಟ ಉಗುರು ಹಾಗೇ ಇರಲಿ ಎಂದು ವಾದಕ್ಕೆ ನಿಂತರು. ದೇವರು ಅವನಿಗೆ ಮಣ್ಣಿನ ನೆಲ ಕೊಟ್ಟಿದ್ದ, ಟೈಲ್ಸ್ ಹಾಕಿದವನು ನೀನು ಎಂದಳು ತಂಗಿ.

ಅಷ್ಟರಲ್ಲಿ ಅತ್ತೆ ಮಂಚದಿಂದಲೇ ಬೇಡ ಎಂದರು. ನಾವೆಲ್ಲ ಅವರ ಕಡೆ ತಿರುಗಿದೆವು.

"ಉಗುರು ತೆಗೆದ್ರೆ ಅವನು ಎಲ್ಲಿದಾನೆ ಅಂತ ನಂಗೆ ಹೇಗೆ ಗೊತ್ತಾಗಬೇಕು? ಆ ಟಕ್ ಟಕ್ ಸದ್ದು ಹಿಡ್ಕೊಂಡೇ ಅಲ್ವಾ ನಾನು ನಡೆಯೋದು."

ಒಂದೇ ಮನೆಯಲ್ಲಿದ್ದೂ ಇದು ನಮಗೆ ಹೊಳೆದಿರಲಿಲ್ಲ. ನಾದಿನಿಯ ದನಿ ಮೆತ್ತಗಾಯಿತು.

"ಅಮ್ಮ, ನಿಂಗೆ ಕೇಳಿಸೋ ಆ ಸದ್ದು ಉಗುರು ನೆಲಕ್ಕೆ ಬಡಿಯೋ ಸದ್ದು. ಪ್ರತಿ ಹೆಜ್ಜೆಗೂ ಅವನ ಬೆರಳು ಹಿಂದಕ್ಕೆ ಒತ್ತುತ್ತೆ, ನೋಯುತ್ತೆ. ನೋವಲ್ಲೇ ನಿನ್ನನ್ನ ಕರ್ಕೊಂಡು ಹೋಗ್ತಿದಾನೆ ಅವನು."

ಅತ್ತೆ ದಫೇದಾರನನ್ನು ಕರೆದು, ಮುಂಗಾಲನ್ನು ಮಡಿಲಿಗೆ ಎತ್ತಿಕೊಂಡು, ಒಂದೊಂದೇ ಉಗುರನ್ನು ಬೆರಳಿನಿಂದ ಸವರಿ ನೋಡಿದರು. ಕಾಲಿನ ಒಳಬದಿಯಲ್ಲಿ, ನೆಲಕ್ಕೆ ತಾಗದಷ್ಟು ಮೇಲೆ, ಹೆಬ್ಬೆರಳಿನಂಥ ಪುಟ್ಟ ಬೆರಳೊಂದಿರುತ್ತದೆ. ಅಲ್ಲಿ ಅವರ ಕೈ ನಿಂತಿತು. ನೆಲಕ್ಕೆ ತಾಗದ ಆ ಉಗುರು ಸವೆಯುವುದೇ ಇಲ್ಲ, ಕೊಕ್ಕೆಯ ಹಾಗೆ ಬೆಳೆದು ತಿರುಗಿ ಅವನದೇ ಚರ್ಮವನ್ನು ಒತ್ತುತ್ತಿತ್ತು. ಟಾರ್ಚ್ ಹಿಡಿದು ನೆಲವೆಲ್ಲ ಹುಡುಕಿದ ನಮ್ಮವರಿಗೆ ಕಾಣದ್ದು, ಕಣ್ಣು ಕಾಣದ ಅವರ ತಾಯಿಗೆ ಕಂಡಿತು.

"ತೆಗಿಯೇ" ಎಂದರು ಅತ್ತೆ. ಅವರ ಕಣ್ಣಲ್ಲಿ ನೀರಿತ್ತು.

ಆ ಉಗುರು ಚರ್ಮದೊಳಕ್ಕೆ ಇಳಿದಿದ್ದರೆ ತಾನು ಮುಟ್ಟುತ್ತಿರಲಿಲ್ಲ, ಡಾಕ್ಟರ ಹತ್ತಿರವೇ ಹೋಗಬೇಕಾಗುತ್ತಿತ್ತು ಎಂದಳು ನಾದಿನಿ. ಅವನ ತಲೆ ಅತ್ತೆಯ ಮಡಿಲಲ್ಲಿ, ಮೊಟ್ಟೆಯ ತಟ್ಟೆ ನನ್ನ ಕೈಯಲ್ಲಿ. ನಾಯಿಗೆಂದೇ ಮಾಡಿದ ಉಗುರು ಕತ್ತರಿಯಿಂದ ಅವಳು ತುದಿಯನ್ನು ಮಾತ್ರ ಚೂರುಚೂರಾಗಿ ತೆಗೆಯುತ್ತ, ಅಣ್ಣನನ್ನು ಪಕ್ಕದಲ್ಲೇ ಕೂರಿಸಿಕೊಂಡು ತೋರಿಸಿದಳು. ಬಿಳಿ ಉಗುರಾದರೆ ಒಳಗಿನ ಗುಲಾಬಿ ಬಣ್ಣ ಬೆಳಕಿಗೆ ಕಾಣುತ್ತದೆ, ಅದಕ್ಕಿಂತ ಮುಂಚೆಯೇ ನಿಲ್ಲಿಸಬೇಕು. ನಮ್ಮ ದಫೇದಾರನದು ಕಪ್ಪು ಉಗುರು, ಹೊರಗಿನಿಂದ ಏನೂ ಕಾಣುವುದಿಲ್ಲ. ಪ್ರತಿ ಚೂರು ತೆಗೆದ ಮೇಲೂ ಕತ್ತರಿಸಿದ ಜಾಗವನ್ನು ನೋಡಬೇಕು. ನಟ್ಟನಡುವೆ ಸಣ್ಣ ಗುಂಡು ಚುಕ್ಕೆ ಕಂಡಿತೋ, ಕತ್ತರಿ ಕೆಳಗಿಡಬೇಕು. ಎಲ್ಲ ಉಗುರನ್ನೂ ಒಂದೇ ದಿನ ಮುಗಿಸುತ್ತೇನೆಂಬ ಹಠವೂ ಬೇಡ. ನಾಯಿ ಹೆದರಿದರೆ ಅವತ್ತಿಗೆ ಒಂದು ಉಗುರು ಸಾಕು, ತಿಂಡಿ ಕೊಟ್ಟು ಬಿಟ್ಟುಬಿಡಬೇಕು. ಅಕಸ್ಮಾತ್ ರಕ್ತ ಬಂದರೆ ಕಾರ್ನ್‌ಫ್ಲೋರ್ ಹಚ್ಚಿ ಕೆಲವು ನಿಮಿಷ ಒತ್ತಿ ಹಿಡಿಯಬೇಕು, ಆಗಲೂ ನಿಲ್ಲದಿದ್ದರೆ ಡಾಕ್ಟರ ಬಳಿ ಓಡಬೇಕು. ಸಿಮೆಂಟ್ ಮಾತ್ರ ಕನಸಿನಲ್ಲೂ ಬೇಡ, ಅದು ಚರ್ಮ ಸುಡುತ್ತದೆ.

ನಮ್ಮವರು ಎಲ್ಲ ಉಗುರೂ ಒಂದೇ ಅಳತೆಗೆ ಬರಬೇಡವೇ ಎಂದು ಕೇಳಿದರು. ನಾದಿನಿ ನನ್ನ ಮುಖ ನೋಡಿದಳು, ನಾನು ಸೂರು ನೋಡಿದೆ.

ಕಡೆಯ ಉಗುರಿಗೆ ಅವಳು ಕತ್ತರಿಯನ್ನು ಅಣ್ಣನ ಕೈಗೆ ಕೊಟ್ಟಳು. ಇದು ಮನೆಯವರು ಕಲಿಯಬೇಕಾದ ಕೆಲಸ, ಮೂರು ನಾಲ್ಕು ವಾರಕ್ಕೊಮ್ಮೆ ನೋಡುತ್ತಿದ್ದರೆ ಒಳಗಿನ ಜೀವದ ಭಾಗವೂ ಕ್ರಮೇಣ ಹಿಂದೆ ಸರಿಯುತ್ತದೆ ಎಂದಳು. ದಿನವಿಡೀ ಟೈಲ್ಸ್ ಕೊಯ್ಯುವವರು ಉಗುರಿನ ತುದಿಗೆ ಕತ್ತರಿ ತಾಗಿಸಿ ಎರಡು ಸಲ ಹಿಂದಕ್ಕೆ ತೆಗೆದರು. ಕೂದಲೆಳೆಯಷ್ಟು ತೆಗೆದು ನಿಲ್ಲಿಸಿದರು. ದಫೇದಾರ ಕಾಲು ಎಳೆದುಕೊಳ್ಳಲಿಲ್ಲ. ಎಷ್ಟು ಕೋಪವಿದ್ದರೂ ಹೇಳಲೇಬೇಕು, ಆಗ ನಮ್ಮವರ ಮುಖ ನೋಡಿ ನನಗೆ ಪ್ರೀತಿ ಉಕ್ಕಿತು.

ಅತ್ತೆಗಾಗಿ ಅವನ ಕೊರಳಿಗೊಂದು ಸಣ್ಣ ಗೆಜ್ಜೆ ಕಟ್ಟಿದೆವು. ಮಂಚದಿಂದ ಬಚ್ಚಲಿಗೆ ರಬ್ಬರ್ ಚಾಪೆ ಹಾಸಿದೆವು. ಚಾಪೆಯಿಂದ ನೆಲದ ಅಂದ ಕೆಡುತ್ತದೆಂದು ಗೊಣಗಿದವರು ಯಾರೆಂದು ಬೇರೆ ಹೇಳಬೇಕಿಲ್ಲ.

ಭಾನುವಾರ ವ್ಯಾನ್ ಬಂತು. ದಫೇದಾರ ಜಾರದೆ ಎದ್ದು ಹೋಗಿ ಗೋದಾಮಿನವರ ಸುತ್ತ ಒಂದು ಸುತ್ತು ಹಾಕಿದ. ಅತ್ತೆ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು. ನಮ್ಮವರು ನಾಯಿ ಕೊಡುವುದಿಲ್ಲ ಎಂದರು. ಗೋದಾಮಿನವರಿಗೆ ಸಿಟ್ಟು ಬಂತು. ಇಷ್ಟು ದೂರ ಸುಮ್ಮನೆ ಬಂದಂತಾಯಿತು, ಮೊದಲಿದ್ದ ನಾಯಿ ಇದ್ದಿದ್ದರೆ ತಾನು ಯಾಕೆ ಬರುತ್ತಿದ್ದೆ, ಅದಕ್ಕೆ ವಯಸ್ಸಾಗಿ ಕುಂಟತೊಡಗಿತು, ಮುಟ್ಟಹೋದರೆ ಕಚ್ಚಲು ಬಂತು, ಊರಾಚೆ ಬಿಟ್ಟುಬಂದೆ ಎಂದರು.

"ಎಷ್ಟು ವಯಸ್ಸಾಗಿತ್ತು?" ಎಂದರು ನಮ್ಮವರು.

"ಆರು ಇರಬಹುದು."

"ಬಿಡೋಕೆ ಮುಂಚೆ ಅದರ ಕಾಲು ಎತ್ತಿ ನೋಡಿದ್ರಾ?"

ಗೋದಾಮಿನವರು ಖಾಲಿ ವ್ಯಾನ್ ತಿರುಗಿಸಿಕೊಂಡು ಹೋದರು.

ಈ ಕಥೆ ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಅದೇ ಪ್ರಶ್ನೆಯನ್ನು ನಾನು ನಿಮಗೆ ಕೇಳುತ್ತಿದ್ದೇನೆ. ನಿಮ್ಮ ನಾಯಿ ಜಾರುತ್ತಿದೆಯೇ, ಕುಂಟುತ್ತಿದೆಯೇ, ಕಾಲು ಮುಟ್ಟಿದರೆ ಸಿಡುಕುತ್ತಿದೆಯೇ? ವಯಸ್ಸಾಯಿತು, ಸೊಕ್ಕು ಬಂತು ಎಂದು ತೀರ್ಪು ಕೊಡುವ ಮೊದಲು ಅದರ ಪಕ್ಕದಲ್ಲಿ ಕುಳಿತುಕೊಳ್ಳಿ. ಮೆಲ್ಲಗೆ ಕಾಲು ಸವರಿ ನೋಡಿ, ಒಳಬದಿಯ ಆ ಪುಟ್ಟ ಬೆರಳನ್ನು ಮರೆಯಬೇಡಿ. ಗೊತ್ತಿಲ್ಲದಿದ್ದರೆ ಗೊತ್ತಿರುವವರನ್ನು ಕೇಳಿ, ಕೇಳಿದರೆ ಯಾರ ತೂಕವೂ ಇಳಿಯುವುದಿಲ್ಲ. ನೋಯುತ್ತಿದೆ ಎಂದು ಬಾಯಿಬಿಟ್ಟು ಹೇಳಲು ಅದಕ್ಕೆ ಬರುವುದಿಲ್ಲ. ಇವತ್ತೇ ನೋಡಿ.